ಬರ್ತೀನಿ ಎಂದರೆ ಎಷ್ಟು ದೂರ

ಕೊರೊನಾದ ಮೊದಲ ಚಳಿಗಾಲದಲ್ಲಿ ನಾನೂ ಆರು ವರ್ಷದ ಮಗಳೂ ಜಪಾನಿನ ಉತ್ತರದ ತುದಿಯ ವಕ್ಕನೈಯಲ್ಲಿದ್ದೆವು. ನಮ್ಮವರು ಅದೇ ಹೊಕ್ಕೈಡೊ ದ್ವೀಪದ ಪೂರ್ವಕ್ಕೆ, ನಕಶಿಬೆತ್ಸುವಿನಲ್ಲಿ. ನನ್ನದು ಗಾಳಿಯಂತ್ರದ ಕಂಪನಿಯಲ್ಲಿ ಕೆಲಸ, ಅವರದು ಹಾಲು ಕರೆಯುವ ಯಂತ್ರಗಳ ಸಾಫ್ಟ್‌ವೇರ್. ನಮ್ಮೂರಲ್ಲಿ ಗಾಳಿಯದೇ ಕಾರುಬಾರು, ಅವರೂರಲ್ಲಿ ಹಸುಗಳದು.

ಮಗಳು ಭೂಪಟದ ಮೇಲೆ ಕೈ ಇಟ್ಟು ಅಳೆದಳು. ಎರಡೂ ಊರುಗಳ ನಡುವೆ ಅವಳ ಪುಟ್ಟ ಗೇಣಿನಷ್ಟೂ ಇರಲಿಲ್ಲ. ಆದರೆ ನೇರ ವಿಮಾನವಿಲ್ಲ. ಅವರು ಬರಬೇಕೆಂದರೆ ಮೊದಲು ಸಪ್ಪೊರೊಗೆ ಒಂದು ಗಂಟೆಯ ಹಾರಾಟ, ಅಲ್ಲಿ ವಿಮಾನ ಬದಲಿಸಿ ಉತ್ತರಕ್ಕೆ ಇನ್ನೊಂದು ಗಂಟೆ. ಹಾರುವ ಹೊತ್ತು ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗುವಷ್ಟೂ ಅಲ್ಲ. ಆದರೂ ಆಗ ವಿಮಾನಗಳನ್ನು ಕಡಿಮೆ ಮಾಡಿದ್ದರಿಂದ ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಹೊರಟುಹೋಗಿರುತ್ತಿತ್ತು. ಸೋಂಕಿನ ಭಯಕ್ಕೆ ಸಪ್ಪೊರೊದಲ್ಲಿ ರಾತ್ರಿ ತಂಗಲು ಅವರ ಕಂಪನಿ ಬಿಡುತ್ತಿರಲಿಲ್ಲ. ರಸ್ತೆ ಹಿಡಿದು ಬರೋಣವೆಂದರೆ, ಹಿಮದಲ್ಲಿ ಕಾರು ಓಡಿಸಿ ನಮ್ಮವರಿಗೆ ಅಭ್ಯಾಸವಿಲ್ಲ.

ಹೀಗಾಗಿ ದಿನಾ ಸಂಜೆ ವಿಡಿಯೊ ಕರೆ. ಎದುರಿಗೆ ಕೂತು ಹರಟಿ ಎದ್ದುಹೋಗುವವರ ಹಾಗೆ ಅವರು ಕೊನೆಗೆ "ಸರಿ ಪುಟ್ಟಿ, ಬರ್ತೀನಿ" ಎನ್ನುತ್ತಿದ್ದರು. ನಾನು ಆ ಮಾತಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ.

ಒಂದು ಶನಿವಾರ ಪಕ್ಕದ ಮನೆಯ ಅಜ್ಜಿ ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬಂದರು. ಕೈಯಲ್ಲಿ ಕೆಂಪು ಕಾಳು ಹಾಕಿದ ಅನ್ನದ ಡಬ್ಬಿ. ಇಲ್ಲಿ ಶುಭದಿನಕ್ಕೆ ಮಾಡುವ ಅಡುಗೆ ಅದು. ಪಾಪಾ-ಸಾನ್ ಇವತ್ತು ಬರುತ್ತಾರಂತಲ್ಲ, ಸಂತೋಷ, ಎಂದು ತಲೆಬಾಗಿದರು. ನಾನು ಅರಿಗಾತೋ ಎಂದು ಧನ್ಯವಾದ ಹೇಳಿ ಡಬ್ಬಿ ಇಸಿದುಕೊಂಡು ಒಳಗೆ ಬಂದರೆ, ಮಗಳು ಮೂರು ತಟ್ಟೆ ಇಟ್ಟು ಕಿಟಕಿಯ ಹತ್ತಿರ ಕೂತಿದ್ದಾಳೆ.

"ಯಾರೇ ಹೇಳಿದ್ದು ಅಪ್ಪ ಬರ್ತಾರೆ ಅಂತ?"

"ಪಾಪಾನೇ. ಮೈನಿಚಿ ಹೇಳ್ತಾರಲ್ಲ, ಬರ್ತೀನಿ ಅಂತ."

ಮೈನಿಚಿ ಎಂದರೆ ದಿನಾ. ದಿನಾ ಹೇಳಿದ್ದನ್ನು ದಿನಾ ನಂಬಿ, ದಿನಾ ಕಾದಿದ್ದಳು. ಹೊರಡುವಾಗ ಹೋಗ್ತೀನಿ ಅನ್ನಬಾರದು, ಅದಕ್ಕೇ ಬರ್ತೀನಿ ಅನ್ನೋದು, ನೀನು ಶಾಲೆಗೆ ಹೊರಡುವಾಗ ಇತ್ತೆಕಿಮಾಸ್ ಅಂತೀಯಲ್ಲ, ಹೋಗಿ ಬರ್ತೀನಿ ಅಂತ, ಹಾಗೇ ಇದು, ಎಂದು ವಿವರಿಸಿದೆ. ಅವಳು ಯೋಚಿಸಿ, ತಾನು ಇತ್ತೆಕಿಮಾಸ್ ಅಂದ ದಿನವೇ ವಾಪಸ್ ಬರುತ್ತೇನಲ್ಲ, ಎಂದಳು. ನಾನು ಮೂರನೆಯ ತಟ್ಟೆ ತೆಗೆದಿಟ್ಟೆ. ಅನ್ನವನ್ನು ಇಬ್ಬರೇ ತಿಂದೆವು, ಚೆನ್ನಾಗಿಯೇ ಇತ್ತು.

ಸಂಜೆ ಫೋನಿನಲ್ಲಿ ಮಗಳಿಂದ ಅಪ್ಪನಿಗೆ ಅಪ್ಪಣೆಯಾಯಿತು: ಟಿಕೆಟ್ ಕೈಗೆ ಬರುವವರೆಗೆ ಆ ಮಾತು ಆಡಕೂಡದು.

"ಮತ್ತೆ ಏನನ್ನಲಿ? ಹೋಗ್ತೀನಿ ಅಂದ್ರೆ ನಿಮ್ಮಮ್ಮ ಸುಮ್ಮನಿರ್ತಾಳಾ?"

"ಫೋನ್ ಇಡ್ತೀನಿ ಅನ್ನಿ ರೀ, ಸಾಕು," ಎಂದೆ.

ಬೇಸಿಗೆಗೆ ವಿಮಾನಗಳ ಹೊತ್ತು ಹೊಂದಿಕೊಂಡು ಅವರು ಬಂದೇ ಬಂದರು. ಹಾರಿದ್ದು ಎರಡು ಗಂಟೆ, ಮನೆ ಮುಟ್ಟುವಾಗ ಇಡೀ ದಿನ ಕಳೆದಿತ್ತು. ವಾರ ಕಳೆದು ವಾಪಸ್ ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ಅವರ ಬೂಟುಗಳೇ ಇಲ್ಲ. ಟ್ಯಾಕ್ಸಿ ಹೊರಗೆ ನಿಂತಿತ್ತು. ಹುಡುಕಿ ಹುಡುಕಿ ಕೊನೆಗೆ ನನಗೆ ಸಿಕ್ಕಿದ್ದು ಅಕ್ಕಿ ಡಬ್ಬದ ಹಿಂದೆ, ಒಂದೇ ಒಂದು. ಇನ್ನೊಂದರ ಮೇಲೆ ಮಗಳು ಕೂತಿದ್ದಳು.