ಗಿಳಿಯ ನೆತ್ತಿಯ ಮುಳ್ಳು

ಆ ಮಧ್ಯಾಹ್ನ ಮೊಳಕಾಲ್ಮೂರಿನ ಮನೆಯ ಪಡಸಾಲೆಯಲ್ಲಿ ನಾವು ಮೂವರೇ ಇದ್ದೆವು: ಎಂಬತ್ತು ದಾಟಿದ ನನ್ನ ದೊಡ್ಡಮ್ಮ, ಚಳ್ಳಕೆರೆಯ ಕಾಲೇಜಿನಲ್ಲಿ ಪಾಠ ಹೇಳುವ ಅವರ ಮೊಮ್ಮಗಳು ಸುಧಾ, ಮತ್ತು ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡ ನಾನು. ಒಳಗಿನಿಂದ, ಬಣ್ಣ ಹಾಕಿ ಒಣಗಲು ಬಿಟ್ಟ ರೇಷ್ಮೆಯ ಹಸಿ ವಾಸನೆ ಬರುತ್ತಿತ್ತು. ಆ ವಾಸನೆ ಬಂದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಕಥೆ ಕೇಳಬೇಕೆನಿಸುತ್ತದೆ. ಬೇಸಿಗೆ ರಜೆಯಲ್ಲೆಲ್ಲ ದೊಡ್ಡಮ್ಮ ರಾಟೆಯ ಮುಂದೆ ಕೂತು, ಮಗ್ಗಕ್ಕೆ ನೂಲು ಸುತ್ತುತ್ತ ಕಥೆ ಹೇಳುತ್ತಿದ್ದರು. ನನಗೆ ಬರುವ ನಾಲ್ಕು ಮಾತು ಆ ರಾಟೆಯ ಪಕ್ಕದಲ್ಲೇ ಕಲಿತದ್ದು.

ನಿಮ್ಮ ಮನೆಯಲ್ಲೂ ಈ ಪದ್ಧತಿ ಇದ್ದೀತು: ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಆ ವಿದ್ಯೆಯಲ್ಲಿ ನಾನು ಓಣಿಗೇ ಹೆಸರಾಗಿದ್ದೆ. ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದೆನಂತೆ.

ಆ ದಿನ ಕಥೆ ಸುಧಾಳದು. ಅಂದರೆ ದೊಡ್ಡಮ್ಮನ ಗಿಳಿ ಕಥೆಯನ್ನೇ ಅವಳು ಹೊಸದಾಗಿ ಬರೆದು ತಂದಿದ್ದಳು. ಮಂತ್ರವಾದಿ ರಾಜಕುಮಾರಿಯ ನೆತ್ತಿಗೆ ಮುಳ್ಳು ಚುಚ್ಚುತ್ತಾನೆ, ಅವಳು ಗಿಳಿಯಾಗುತ್ತಾಳೆ. ನಾನು ಕೇಳಿದ್ದರಲ್ಲಿ ರಾಜಕುಮಾರನೊಬ್ಬ ಬಂದು, ತಲೆ ಸವರಿ, ಮುಳ್ಳು ಕಿತ್ತು, ಮದುವೆಯಾಗುತ್ತಾನೆ. ಸುಧಾಳ ಕಥೆಯಲ್ಲಿ ಅವನು ಬರಲೇ ಇಲ್ಲ. ಗಿಳಿ ತಾನೇ ಮುಳ್ಳು ಕಿತ್ತುಕೊಂಡು, ಹೆಣ್ಣಾಗಿ, ಬಾಗಿಲು ದಾಟಿ ನಡೆದುಬಿಟ್ಟಳು. ಹೆಣ್ಣುಮಕ್ಕಳಿಗೆ ಹುಟ್ಟಿದಂದಿನಿಂದ ಹೇಳುವ ‘ಸುಮ್ಮನಿರು’ ಎಂಬ ಮಾತೇ ಆ ಮುಳ್ಳು ಎಂದು ಸುಧಾಳ ವಿವರಣೆ. ಅಜ್ಜಿ ಹೂಂ ಅಂದರೆ ಪತ್ರಿಕೆಗೆ ಕಳಿಸುತ್ತೇನೆ, ಇಲ್ಲವಾದರೆ ಹರಿದುಹಾಕುತ್ತೇನೆ ಎಂದಳು.

ದೊಡ್ಡಮ್ಮ ಹೂಂ ಅನ್ನಲಿಲ್ಲ. ನನಗೆ ಧೈರ್ಯ ಬಂತು. ಮುಳ್ಳು ಅಂದರೆ ಮುಳ್ಳೇ, ತನ್ನ ನೆತ್ತಿಗೆ ತನ್ನದೇ ಕೊಕ್ಕು ಎಟುಕುತ್ತದೆಯೇ, ಹಿರಿಯರ ಕಥೆಯನ್ನು ಹೀಗೆ ಕೆಡಿಸಬಾರದು ಎಂದು ಮಂಡಕ್ಕಿ ಮುಕ್ಕುತ್ತ ಭಾಷಣ ಬಿಗಿದೆ. ಸುಧಾ ಹಾಳೆ ಮಡಚತೊಡಗಿದಳು.

“ಗಿಳಿ ಕಾಲೆತ್ತಿ ತಲೆ ಕೆರ್ಕೊಳ್ಳೋದು ನೋಡಿಲ್ವೇನು ನಾಯನಾ?” ಅಂದರು ದೊಡ್ಡಮ್ಮ.

ನೋಡಿದ್ದೆ. ಎಷ್ಟೋ ಸಲ ನೋಡಿದ್ದೆ.

“ಮೊದ್ಲು ನಾನೂ ಹಿಂಗೇ ಹೇಳ್ತಿದ್ದೆ. ನೀನೇ ಹೂಂ ಅನ್ಲಿಲ್ಲ. ರಾಜಕುಮಾರ ಬರ್ಬೇಕು ಅಂತ ನೆಲದ ಮೇಲೆ ಬಿದ್ದು ಹೊರಳಾಡ್ದೆ. ನಾನು ಸಂಜೆ ತನಕ ಕಾದೆ. ಆಮೇಲೆ ಎಲ್ಲಿಂದಲೋ ಒಬ್ಬನ್ನ ಕರ್ಕೊಂಡು ಬಂದೆ.”

ಕೈಯಲ್ಲಿದ್ದ ಮಂಡಕ್ಕಿಯನ್ನು ತಟ್ಟೆಗೇ ಸುರಿದೆ. ಹಿರಿಯರ ಕಥೆಯನ್ನು ಅಕ್ಷರ ಬದಲಿಸದೆ ಉಳಿಸಿಕೊಂಡವನು ಎಂದು ಕಂಡಕಂಡಲ್ಲಿ ಜಂಬ ಕೊಚ್ಚಿದ್ದೇನೆ. ಅದನ್ನು ಕೆಡಿಸಿದವನು ನಾನೇ, ಅದೂ ಆರನೆಯ ವಯಸ್ಸಿನಲ್ಲಿ.

ಮತ್ತೆ ಯಾರಿಗೂ ಮೊದಲಿನಂತೆ ಏಕೆ ಹೇಳಲಿಲ್ಲ ಎಂದು ಸುಧಾ ಕೇಳಿದಳು.

“ತವರಲ್ಲಿ ಮಗ್ಗಕ್ಕೆ ಕೂತು ಸೀರೆ ನೇಯ್ದೋಳು ನಾನು. ಇಲ್ಲಿ ಹೆಂಗಸ್ರಿಗೆ ಮಗ್ಗ ಬೇಡ ಅಂತ ರಾಟೆ ಮುಂದೆ ಕೂರ್ಸಿದ್ರು. ಗಿಳಿ ಹೆಣ್ಣಾಗಿ ಬಾಗ್ಲು ದಾಟೋದು ಹೇಳುವಾಗ ನಂಗೊಂದು ಉಸ್ರು ಬಂದಂಗಾಗ್ತಿತ್ತು. ಇಷ್ಟುದ್ದದ ಹುಡುಗನೂ ಒಪ್ಪಲ್ಲ ಅಂದ್ಮೇಲೆ ಇನ್ಯಾರಿಗೆ ಹೇಳ್ಲಿ?”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದಕ್ಕೇ ನನಗೆ ತಲೆಯೆತ್ತಲಾಗಲಿಲ್ಲ. ದೊಡ್ಡಮ್ಮ ನನ್ನ ತಟ್ಟೆಯಿಂದ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು, “ಹೂಂ, ಕಳ್ಸು ತಲ್ಲೀ” ಎಂದು ಸುಧಾಳ ಕೈ ತಟ್ಟಿದರು.

ವಾರ ಕಳೆದು, ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಾಯಕನಹಟ್ಟಿ ಬಸ್ಸಿಗೆ ಕಾಯುತ್ತಿದ್ದಾಗ ದೊಡ್ಡಮ್ಮನ ಫೋನ್ ಬಂತು. ಕಥೆ ಹೇಳುತ್ತೇನೆ, ಪುರುಸೊತ್ತಿದೆಯೇ ಎಂದರು. ಕಂಬಕ್ಕೆ ಒರಗಿ ನಿಂತು ಹೂಂಗುಟ್ಟಿದೆ. ಬಸ್ಸು ಬಂತು, ಜನ ಹತ್ತಿದರು. ಅತ್ತ ಕಥೆಯಲ್ಲಿ ಗಿಳಿ ಕಾಲೆತ್ತಿತು. ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಿ ಕಾದರು. ಹೂಂ ಅಂದೆ, ಪಕ್ಕದ ಹೂವಿನವಳು ತಿರುಗಿ ನೋಡುವಷ್ಟು ಜೋರಾಗಿ. ಬಸ್ಸು ಹೊರಟುಹೋಯಿತು. ದೊಡ್ಡಮ್ಮ ಕಥೆ ಮುಂದುವರಿಸಿದರು.