ಗೋಪೀನಾಥರ ಹಸಿರು ಚೌಕಗಳು

ನಮ್ಮನೆಯವರ ಹೆಸರು ಗೋಪೀನಾಥ. ನಲವತ್ತೇಳು ವಯಸ್ಸು, ಇಪ್ಪತ್ತೆರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಮೀಟಿಂಗ್ ಬಿಟ್ಟು ಬೇರೇನೂ ಮಾಡಿಲ್ಲ. ಕೋಡ್ ಬರೆಯೋರು ಕೈಕೆಳಗಿನವರು, ಇವರು ಬರೀ "ಎಲ್ಲಿಗೆ ಬಂತು?" ಅಂತ ಕೇಳೋರು. ಹೋದ ಸೆಪ್ಟೆಂಬರಿನಲ್ಲಿ ಆಫೀಸಿನವರು ಹೇಳಿಬಿಟ್ಟರು: ಮಾರ್ಚಿನಲ್ಲಿ ಪರೀಕ್ಷೆ, ಕೋಡ್ ಬರೆದು ತೋರಿಸಿದವರು ಮಾತ್ರ ಉಳೀತಾರೆ.

ಇವರು ಅವತ್ತೇ ಶಪಥ ಮಾಡಿದರು. ದಿನಾ ಬೆಳಿಗ್ಗೆ ಐದರಿಂದ ಆರು, ಊಟದ ಟೇಬಲ್ ಮೇಲೆ ಸ್ವಂತ ಲ್ಯಾಪ್‌ಟಾಪ್. ಬರೆದದ್ದನ್ನ ಒಂದು ವೆಬ್‌ಸೈಟಿಗೆ ಹಾಕಿದರೆ ಅಲ್ಲಿನ ಕ್ಯಾಲೆಂಡರಿನಲ್ಲಿ ಆ ದಿನದ ಚೌಕ ಹಸಿರಾಗತ್ತೆ, ಇಲ್ಲದಿದ್ದರೆ ಬೂದು. "ಸುವರ್ಣಾ, ನೋಡೇ, ನಲವತ್ತು ದಿನ, ಒಂದೂ ತಪ್ಪಿಲ್ಲ!" ಅಂತ ಕುಣಿಯೋರು. ನಾನೂ ಪೆದ್ದಿ, ಎದುರುಮನೆ ವತ್ಸಲಾ ಆಂಟಿ ಹತ್ರ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಐದಕ್ಕೆ ಕಾಫಿ ಕೊಟ್ಟು, ಆರಾಗೋವರೆಗೆ ಮಿಕ್ಸಿ ಕೂಡ ತಿರುಗಿಸ್ತಿರಲಿಲ್ಲ.

ನವೆಂಬರಿನಲ್ಲಿ ಕುರುಬರಹಳ್ಳಿಯಲ್ಲಿ ನನ್ನ ತಮ್ಮನ ಗೃಹಪ್ರವೇಶ. ಎಲೆ ಮುಂದೆ ಕೂತಿದ್ದ ಇವರು ದಿಢೀರನೆ ಎದ್ದು ಲ್ಯಾಪ್‌ಟಾಪ್ ತೆಗೆದರು. "ಒಂದೇ ನಿಮಿಷ ಕಣೇ, ಇವತ್ತಿನ ಚೌಕ ಹೋಗತ್ತೆ." ಹಳೇ ಫೈಲಿನಲ್ಲಿ ಒಂದು ಚುಕ್ಕಿ ಸೇರಿಸಿದರು. ಚೌಕ ಹಸಿರಾಯ್ತು. ಬಂದು ಒಬ್ಬಟ್ಟು ಹಾಕಿಸಿಕೊಂಡರು.

ಪರೀಕ್ಷೆ ದಿನ ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದವರು ಮಧ್ಯಾಹ್ನ ಮೂರಕ್ಕೇ ವಾಪಸ್. ಶೂ ಬಿಚ್ಚದೆ ಸೋಫಾ ಮೇಲೆ ಕೂತರು.

"ಏನಾಯ್ತ್ರೀ?"

"ಸುಲಭದ್ದೇ ಕೊಟ್ಟಿದ್ರು ಕಣೇ. ಪಟ್ಟಿಯಲ್ಲಿ ಎರಡು ಸಲ ಬಂದಿರೋ ಹೆಸರು ಹುಡುಕೋದು. ಒಂದು ಗಂಟೆ ಖಾಲಿ ಸ್ಕ್ರೀನ್ ನೋಡ್ತಾ ಕೂತಿದ್ದೆ. ಕೈಯೇ ಓಡಲಿಲ್ಲ."

"ಅಲ್ರೀ, ಆರು ತಿಂಗಳು ದಿನಾ ಬರೆದ್ರಲ್ಲ?"

ಆಗ ಬಾಯಿ ಬಿಟ್ಟರು. ಗೃಹಪ್ರವೇಶದ ಮರುದಿನವೂ ಚುಕ್ಕಿ, ಅದರ ಮರುದಿನವೂ ಚುಕ್ಕಿ. ಹೊಸದೇನಾದರೂ ಬರೆಯೋಕೆ ಕೂತರೆ ಬರ್ತಿರಲಿಲ್ಲವಂತೆ. ಇಪ್ಪತ್ತೆರಡು ವರ್ಷದ ಅನುಭವ ಇಟ್ಟುಕೊಂಡು ಇಷ್ಟೂ ಬರಲ್ವಾ ಅಂತ ಹೆದರಿ ಫೈಲ್ ಮುಚ್ಚಿಬಿಡ್ತಿದ್ದರಂತೆ. ಡಿಸೆಂಬರಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದರಂತೆ. ದಿನಾ ಐದೂವರೆಗೆ ಅದು ತಾನಾಗೇ ಒಂದು ದಿನ ಚುಕ್ಕಿ ಹಾಕತ್ತೆ, ಮರುದಿನ ತೆಗೆಯತ್ತೆ, ಎರಡು ದಿನವೂ ಚೌಕ ಹಸಿರು.

"ಮತ್ತೆ ಐದಕ್ಕೆ ಎದ್ದು ಏನ್ರೀ ಮಾಡ್ತಿದ್ರಿ?"

"ಸುಮ್ನೆ ಕೂತಿರ್ತಿದ್ದೆ. ನೀನು ಕಾಫಿ ತರ್ತಿದ್ದೆಯಲ್ಲ."

ಬೈಯೋಕೆ ಅಂತ ಬಾಯಿ ತೆರೆದೆ, ಅಳು ಬಂತು. ಹೆದರಿಕೆ ಆಗ್ತಿದೆ ಅಂತ ಹೇಳಿಕೊಳ್ಳೋಕೂ ನಾನು ಜಾಗ ಬಿಟ್ಟಿರಲಿಲ್ಲ. ಬೀದಿಗೆಲ್ಲ ಸಾರಿಬಿಟ್ಟಿದ್ದೆ.

ಸೋಮವಾರ ಆಫೀಸಿನ ಐಡಿ ಕಾರ್ಡ್ ವಾಪಸ್ ಕೊಟ್ಟು ಬಂದರು. ಮಂಗಳವಾರ ಅಭ್ಯಾಸಬಲದಿಂದ ಐದಕ್ಕೆ ಕಾಫಿ ಬೆರೆಸಿ ಟೇಬಲ್ಲಿಗೆ ತಂದೆ. ಕುರ್ಚಿ ಖಾಲಿ. ಇವರು ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು, ನಿದ್ದೆ ಇರಲಿಲ್ಲ. ನಾನೇ ಆ ಕುರ್ಚಿಯಲ್ಲಿ ಕೂತೆ. ಐದೂವರೆಗೆ ಟೇಬಲ್ ಮೇಲೆ ತೆರೆದೇ ಇದ್ದ ಲ್ಯಾಪ್‌ಟಾಪಿನಲ್ಲಿ ಆ ದಿನದ ಚೌಕ ತಾನಾಗೇ ಹಸಿರಾಯ್ತು. ಅಯ್ಯೋ, ಇವರು ಬರೆದದ್ದರಲ್ಲಿ ಅದೊಂದೇ ತಪ್ಪಿಲ್ಲದೆ ಕೆಲಸ ಮಾಡ್ತಿದೆ.