ಪರಿಚಯವಿಲ್ಲದ ಹನ್ನೆರಡು ಮಂದಿ

ನನ್ನ ಮುರಿದ ಕೈಗೆ ನ್ಯಾಯ ಹೇಳಲು ಕೋರ್ಟಿನಲ್ಲಿ ಹನ್ನೆರಡು ಜನರನ್ನು ಆರಿಸುತ್ತಿದ್ದರು. ಒಬ್ಬ ಹೆಂಗಸು ಎದ್ದು, ಈ ಮುದುಕಿಯನ್ನು ಲಿಫ್ಟಿನಲ್ಲಿ ನೋಡಿದ್ದೇನೆ, ಒಳ್ಳೆಯವಳು ಅಂದಳು. ಅವಳನ್ನು ಮನೆಗೆ ಕಳಿಸಿಬಿಟ್ಟರು! ನನ್ನನ್ನು ಕಂಡೇ ಇಲ್ಲ ಅಂದವರಿಗೆಲ್ಲ ಕುರ್ಚಿ ಕೊಟ್ಟರು. ಎಂಥ ದೇಶಕ್ಕೆ ಬಂದೆನಪ್ಪಾ ಅನ್ನಿಸಿತು.

ಇವರಿಗೆ ಇಲ್ಲಿ ಜ್ಯೂರಿ ಅನ್ನುತ್ತಾರೆ. ಕಾನೂನು ಓದಿದವರಲ್ಲ, ಬಸ್ಸು ಓಡಿಸುವವನು, ಟೈಪು ಹೊಡೆಯುವವಳು, ಇಂಥವರೇ. ಆರೋಪಿ ತಪ್ಪು ಮಾಡಿದನೋ ಇಲ್ಲವೋ ಎಂದು ಅವರು ಹೇಳಬೇಕು, ಹನ್ನೆರಡೂ ಜನರ ಮಾತು ಒಂದೇ ಆಗಬೇಕು. ಶಿಕ್ಷೆ ಎಷ್ಟೆನ್ನುವುದು ಮಾತ್ರ ಜಡ್ಜನ ಪಾಲು.

ನಾನು ಗದಗದಿಂದ ಅಮೆರಿಕದ ಫೋರ್ಟ್ ಲೀಗೆ ಬಂದದ್ದು ಮಗಳು ಶಾಂತಾಳ ಬಾಣಂತನಕ್ಕೆ. ಇಲ್ಲಿಯ ಎತ್ತರದ ಕಟ್ಟಡಗಳಿಗೆ ಒಬ್ಬ ‘ಸೂಪರ್’ ಇರುತ್ತಾನೆ. ನಲ್ಲಿ, ಬಾಯ್ಲರು ನೋಡಿಕೊಳ್ಳುವವನು. ಎಲ್ಲ ಮನೆಯ ಬೀಗದ ಕೈಯೂ ಅವನ ಹತ್ತಿರ. ನಮ್ಮಲ್ಲಿ ಮೈದುನನಿಗೂ ಕೀಲಿ ಕೊಡುವುದಿಲ್ಲ. ಒಂದು ಮಧ್ಯಾಹ್ನ ಮಗಳು, ಅಳಿಯ ಕೂಸನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಮನೆ ಖಾಲಿ ಅಂದುಕೊಂಡು ಆ ಹಲ್ಕಟ್ ಒಳಗೆ ಬಂದ. ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯಲ್ಲಿಯ ಬಂಗಾರದ ಬಳೆ ಎಳೆದ, ಬರಲಿಲ್ಲ, ತಿರುವಿದ. ಎಲುಬು ಲಟಕ್ಕೆಂದಿತು. ಪೊಲೀಸರ ಮುಂದೆ ಅವನು ಹೇಳಿದ್ದೇನು? ಕಿರುಚಿದ್ದು ಕೇಳಿ ಹೋದೆ, ಮುದುಕಿ ನೆಲದ ಮೇಲಿನ ಎಣ್ಣೆಗೆ ಕಾಲು ಜಾರಿ ಬಿದ್ದಿದ್ದಳು ಅಂತ.

ಅವನು ಜೈಲಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕು. ಅಂದಿನಿಂದ ನನಗೆ ಬೇರೆ ಆಸೆ ಇಲ್ಲ. ಅವನ ಕೈಯನ್ನೂ ಮುರಿಯುತ್ತಾರೇನು ಎಂದು ಕೇಳಿದೆ. ಇಲ್ಲವಂತೆ.

ನಮ್ಮಪ್ಪ ಊರಿನಲ್ಲಿ ಪಂಚರಲ್ಲೊಬ್ಬರು. ಪಂಚಾಯ್ತಿ ಕೂಡುವ ದಿನ ನಸುಕಿನಲ್ಲೇ ಎರಡೂ ಕಡೆಯವರು ನಮ್ಮ ಕಟ್ಟೆಗೆ ಬಂದು, ಎಲೆ ಅಡಿಕೆ ಇಟ್ಟು, ತಮ್ಮ ಗೋಳು ಹೇಳಿ ಹೋಗುತ್ತಿದ್ದರು. ಕಟ್ಟೆಗೆ ಬಾರದವನ ಹತ್ತಿರ ಸತ್ಯವಿಲ್ಲ ಎಂದೇ ತಿಳಿಯುತ್ತಿದ್ದರು. ಇಲ್ಲಿ ಸರಕಾರಿ ವಕೀಲ, ಜ್ಯೂರಿಯವರ ಹತ್ತಿರ ಮಾತಾಡಬಾರದು ಎಂದು ಖಡಕ್ಕಾಗಿ ಹೇಳಿಸಿದ. ಹೇಳಿದವಳು ನಾಗರತ್ನ, ಮೈಸೂರಿನ ಡಾಕ್ಟರೊಬ್ಬರ ಹೆಂಡತಿ, ಕೋರ್ಟಿನಲ್ಲಿ ನನ್ನ ಮಾತು ಇಂಗ್ಲಿಷ್ ಮಾಡುವವಳು. ನಾನು ಹಲ್ಕಟ್ ಅಂದರೆ ‘ಆ ಮನುಷ್ಯ’ ಅನ್ನುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಊಟದ ಬಿಡುವಿನಲ್ಲಿ ಹೆಂಗಸರ ಬಚ್ಚಲಿಗೆ ಹೋದೆ. ಜ್ಯೂರಿಯ ಒಬ್ಬ ದಪ್ಪ ಹೆಂಗಸು ಕೈ ತೊಳೆಯುತ್ತಿದ್ದಳು. ನಾನು ಮಾತಾಡಲಿಲ್ಲ. ಸೊಟ್ಟಗೆ ಕೂಡಿದ ನನ್ನ ಮಣಿಕಟ್ಟನ್ನು ತೋರಿಸಿದೆ, ತಿರುವಿದ ಪರಿ ಮಾಡಿ ತೋರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಬಟುವೆಯಿಂದ ಕುಂಕುಮ ತೆಗೆದು ಅವಳ ಹಣೆಗೆ ಹಚ್ಚಿದೆ. ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸುವುದು ಹೇಗೆ?

ಅವಳು ಹಾಗೇ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತಳು. ಹನ್ನೆರಡು ಹಣೆಯಲ್ಲಿ ಒಂದು ಕೆಂಪಗೆ. ಹಲ್ಕಟ್‌ನ ವಕೀಲ ನನ್ನ ಹಣೆ ನೋಡಿದ, ಅವಳ ಹಣೆ ನೋಡಿದ, ಎದ್ದು ನಿಂತ. ಜಡ್ಜ್ ಕೇಳಿದಾಗ ಆ ಪುಣ್ಯಾತ್ಗಿತ್ತಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಹನ್ನೆರಡೂ ಜನರನ್ನು ಮನೆಗೆ ಕಳಿಸಿದರು.

“ಏನ್ ಮಾಡ್ಬಿಟ್ರಿ ಅಜ್ಜಿ? ಹೊಸ ಜ್ಯೂರಿ ಬೇಕಂತೆ. ಎಲ್ಲಾ ಮೊದಲಿಂದ,” ಅಂದಳು ನಾಗರತ್ನ.

“ನಾ ಒಂದ್ ಮಾತೂ ಆಡಿಲ್ಲವಾ. ಕೈ ತೋರಿಸೇನಿ, ಅಷ್ಟ.”

ಹಲ್ಕಟ್ ನನ್ನ ಕಡೆ ನೋಡಿ ನಕ್ಕ.

ಎರಡನೆಯ ಸರದಿ ಬರುವಷ್ಟರಲ್ಲಿ ಚಳಿಗಾಲ ಕಳೆಯಿತು. ನಾನು ಊರಿಗೆ ಹೋದರೆ ಸಾಕ್ಷಿ ಇಲ್ಲ, ಅವನು ಆರಾಮ. ಜಾಮೀನಿನ ಮೇಲೆ ಹೊರಗಿದ್ದ ಅವನು ಅಂಗಡಿಯ ಮುಂದೆ ಕಂಡಾಗಲೆಲ್ಲ “ಗೋಯಿಂಗ್ ಹೋಮ್, ಮಮ್ಮಾ?” ಅನ್ನುತ್ತಿದ್ದ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಯಜಮಾನರು ಗದಗದಿಂದ ಬರೆದರು: ಕೂಸಿಗೆ ಹಲ್ಲು ಬಂದವು, ನಿನ್ನ ಬಾಣಂತನ ಇನ್ನೂ ಮುಗಿಯಲಿಲ್ಲವೇ? ಮಗಳೂ ಹಿಂದೆ ಬಿದ್ದಳು.

“ಸಾಕ್ ಬಿಡ ಅವ್ವಾ. ಇಲ್ಲೇ ಬಾಳ್ವೆ ಮಾಡೋರು ನಾವು.”

“ಮುರದದ್ದು ನಿನ್ನ ಕೈ ಅಲ್ಲ,” ಅಂದೆ.

ಎರಡನೆಯ ಸಲ ಬಚ್ಚಲಿಗೂ ಹೋಗಲಿಲ್ಲ. ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಅವನ ವಕೀಲ, ರೊಟ್ಟಿ ಮಾಡುವಾಗ ನೆಲಕ್ಕೆ ಎಷ್ಟು ಎಣ್ಣೆ ಚೆಲ್ಲಿತ್ತು ಎಂದು ಕೇಳಿದ.

“ಜೋಳದ ರೊಟ್ಟಿಗೆ ಎಣ್ಣಿ ಯಾವ ಹಡಬಿಟ್ಟಿ ಹಾಕ್ತಾಳ? ಹಿಟ್ಟು, ನೀರು. ಮನ್ಯಾಗ ಬೇಕಾದವರು ಬಂದು ನೋಡ್ರಿ.”

ನಾಗರತ್ನ ಬೈಗುಳ ನುಂಗಿ ಉಳಿದದ್ದನ್ನು ಹೇಳಿದಳು. ಹನ್ನೆರಡು ಜನರಲ್ಲಿ ಒಬ್ಬ ಮುದುಕ ಹಲ್ಕಟ್‌ನ ಕಡೆ ತಿರುಗಿ ನೋಡಿದ. ಮರುದಿನ ಎಲ್ಲರೂ ಒಂದೇ ಮಾತು ಹೇಳಿದರು: ತಪ್ಪಿತಸ್ಥ. ಹಲ್ಕಟ್ ತಲೆ ಕೆಳಗೆ ಹಾಕಿದ. ಆ ತಲೆಯನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಸಾಲಲಿಲ್ಲ.

ಆಮೇಲೆ ಹನ್ನೆರಡು ಜನ ನನ್ನ ಮುಂದೆಯೇ ಕೋಟು ಹಾಕಿಕೊಂಡು ಕಾರು ಹತ್ತಿ ಹೋದರು. ಕೈ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ನಮ್ಮೂರ ಪಂಚರಾಗಿದ್ದರೆ, ಯಾರದೋ ಸೋದರಳಿಯ ಎಂದು ಅವನನ್ನು ನನ್ನ ಕಾಲಿಗೆ ಬೀಳಿಸಿ ಬಿಟ್ಟುಬಿಡುತ್ತಿದ್ದರು; ಆದರೆ ನಾನು ಸಾಯುವ ತನಕ ಕಂಡಲ್ಲೆಲ್ಲ ಕೈ ಹೇಗಿದೆ ಎಂದು ಕೇಳುತ್ತಿದ್ದರು. ನನಗೆ ಎರಡೂ ಬೇಕಿತ್ತು.

ಜಡ್ಜ್ ಮೂರು ವರ್ಷ ಹಾಕಿದ್ದಾನೆ. ಮಗಳು ಟಿಕೆಟು ತೆಗೆಸಲೇ ಎನ್ನುತ್ತಾಳೆ. ಬೇಡ ಅಂದಿದ್ದೇನೆ. ಒಳ್ಳೆಯ ನಡತೆ ಅಂತ ಬೇಗ ಬಿಡುವುದೂ ಉಂಟಂತೆ, ಬಿಡುವ ಮೊದಲು ಏಟು ತಿಂದವರ ಮಾತನ್ನೂ ಕೇಳಿದರೆ ನಾನು ಇಲ್ಲಿ ಇರಬೇಕಲ್ಲ. ಗದಗದಲ್ಲಿ ನನ್ನವರೆಲ್ಲ ಇದ್ದಾರೆ. ಇಲ್ಲಿ ನನ್ನ ವೈರಿ ಇದ್ದಾನೆ. ಸದ್ಯಕ್ಕೆ ವೈರಿಯ ಸೆಳೆತವೇ ಜೋರಾಗಿದೆ.